ಬಾವಿಯಲ್ಲಿ ಸಿಕ್ಕ ಸಿವುಡಿನಂಥ ಹರಳು: ಸ್ಟಿಲ್ಬೈಟನ್ನು ಗುರುತಿಸುವ ಮತ್ತು ಕಾಪಾಡುವ ಬಗೆ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವನು, ಕೆಲಸದ ನಿಮಿತ್ತ ಪುಣೆಯಲ್ಲಿದ್ದೇನೆ. ನಾಶಿಕ ಜಿಲ್ಲೆಯ ಸಿನ್ನರ ತಾಲ್ಲೂಕಿನಲ್ಲಿ ಸ್ನೇಹಿತರ ಹೊಲದಲ್ಲಿ ಬಾವಿ ತೋಡುವಾಗ ಸುಮಾರು 40 ಅಡಿ ಆಳದಲ್ಲಿ ಕರಿಕಲ್ಲಿನೊಳಗಿನ ಒಂದು ಪೊಟರೆ ತೆರೆದುಕೊಂಡಿತು. ಅದರ ಒಳಗೋಡೆಯ ತುಂಬ ಪೀಚ್ ಹಣ್ಣಿನ ಬಣ್ಣದ ಹರಳುಗಳ ಗೊಂಚಲುಗಳಿದ್ದವು. ಅವುಗಳ ನಡುವೆ ಗಾಜಿನಂತೆ ತಿಳಿಯಾದ, ಡಬ್ಬಿಯಾಕಾರದ ಕೆಲವು ಹರಳುಗಳೂ ಇದ್ದವು. ಹರಳಿಗೂ ಕಲ್ಲಿಗೂ ನಡುವೆ ತೆಳುವಾದ ಹಸಿರು ಪದರವಿದೆ. ಒಬ್ಬ ವ್ಯಾಪಾರಿ ಇದೆಲ್ಲವೂ ಜಿಯೋಲೈಟ್ ಎಂದರು, ಇನ್ನೊಬ್ಬರು ಎಲ್ಲವೂ ಕ್ಯಾಲ್ಸೈಟ್ ಎಂದರು. ಚಿತ್ರಗಳನ್ನು ಕಳುಹಿಸಿದ್ದೇನೆ. ಇದು ನಿಜವಾಗಿ ಯಾವ ಖನಿಜ? ಮನೆಯಲ್ಲೇ ಪರೀಕ್ಷಿಸಿ ತಿಳಿಯಬಹುದೇ? ಮಣ್ಣು ಮೆತ್ತಿಕೊಂಡಿರುವ ಕಲ್ಲನ್ನು ಹೇಗೆ ತೊಳೆಯಬೇಕು? ಇಂಥ ಹರಳುಗಳು ನಮ್ಮ ವಿಜಯಪುರದ ಕಡೆಯೂ ಸಿಗಬಹುದೇ?

ಉತ್ತರ: ಚಿತ್ರಗಳಿಂದ ಹೇಳಬಹುದಾದುದನ್ನು ಮೊದಲು ಹೇಳುತ್ತೇನೆ. ಪೀಚ್ ಬಣ್ಣದ ಗೊಂಚಲುಗಳು ಸ್ಟಿಲ್ಬೈಟ್ ಎಂಬ ಜಿಯೋಲೈಟ್ ಖನಿಜದ ಲಕ್ಷಣಗಳನ್ನು ಸ್ಪಷ್ಟವಾಗಿ ತೋರುತ್ತಿವೆ. ಅವುಗಳ ನಡುವಿನ ತಿಳಿಯಾದ ಡಬ್ಬಿಯಾಕಾರದ ಹರಳುಗಳು ಅಪೋಫಿಲ್ಲೈಟ್. ಅಪೋಫಿಲ್ಲೈಟ್ ಜಿಯೋಲೈಟ್‌ಗಳ ಜೊತೆಯಲ್ಲೇ ಬೆಳೆಯುತ್ತದೆಯಾದರೂ ಅದು ಜಿಯೋಲೈಟ್ ಕುಟುಂಬಕ್ಕೆ ಸೇರಿದುದಲ್ಲ. ಆದ್ದರಿಂದ ಮೊದಲನೆಯ ವ್ಯಾಪಾರಿಯ ಮಾತು ಅರ್ಧ ಸರಿ. ಎರಡನೆಯವರು ಹೇಳಿದ ಕ್ಯಾಲ್ಸೈಟ್ ಸುಣ್ಣದ ಖನಿಜ, ಅವರ ಮಾತು ಈ ಎರಡು ಖನಿಜಗಳ ಮಟ್ಟಿಗೆ ಸರಿಯಲ್ಲ. ಆದರೆ ಚಿತ್ರ ನೋಡಿ ನಾನು ಹೇಳಿದೆನೆಂದು ನೀವು ಒಪ್ಪಬೇಕಾಗಿಲ್ಲ. ಕೈಯಲ್ಲಿ ಕಲ್ಲಿದೆ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಒಂದು ಮಸೂರ ಕೊಂಡರೆ ನೀವೇ ಖಚಿತಪಡಿಸಿಕೊಳ್ಳಬಹುದು. ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ: ಈ ಕಲ್ಲು ಯಾವ ಊರಿನ ಯಾವ ಹೊಲದಲ್ಲಿ, ಎಷ್ಟು ಆಳದಲ್ಲಿ, ಯಾವ ದಿನ ಸಿಕ್ಕಿತು ಎಂಬುದನ್ನು ಇಂದೇ ಬರೆದಿಡಿ. ಖನಿಜದ ಹೆಸರನ್ನು ನೂರು ವರ್ಷದ ಮೇಲೂ ಪರೀಕ್ಷೆ ಮಾಡಿ ಕಂಡುಕೊಳ್ಳಬಹುದು, ಸಿಕ್ಕ ಜಾಗವನ್ನು ಯಾವ ಪರೀಕ್ಷೆಯೂ ಹೇಳಿಕೊಡುವುದಿಲ್ಲ.

ಜಿಯೋಲೈಟ್ ಎಂದರೇನು ಎಂಬುದು ಗೊತ್ತಿದ್ದರೆ ಗುರುತಿಸುವುದು ಸುಲಭ. 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಆಕ್ಸೆಲ್ ಫ್ರೆಡ್ರಿಕ್ ಕ್ರಾನ್‌ಸ್ಟೆಟ್ ಅವರು ಒಂದು ಬಿಳಿಯ ಖನಿಜವನ್ನು ಊದುಕೊಳವೆಯ ಜ್ವಾಲೆಯಲ್ಲಿ ಕಾಯಿಸಿದಾಗ ಅದು ನೊರೆಯುಕ್ಕಿ ಕುದಿದಂತೆ ಕಂಡಿತು. ಅದನ್ನು ನೋಡಿ ಅವರು ಗ್ರೀಕ್ ಭಾಷೆಯ ‘ಕುದಿ’ ಮತ್ತು ‘ಕಲ್ಲು’ ಎಂಬ ಎರಡು ಪದಗಳನ್ನು ಕೂಡಿಸಿ ಜಿಯೋಲೈಟ್ ಎಂಬ ಹೆಸರನ್ನಿಟ್ಟರು. ಕುದಿದದ್ದು ಕಲ್ಲಲ್ಲ, ಅದರೊಳಗಿದ್ದ ನೀರು. ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಪರಮಾಣುಗಳು ಸೇರಿ ಕಟ್ಟಿದ ಚೌಕಟ್ಟಿನ ನಡುನಡುವೆ ಸಣ್ಣ ಓಣಿಗಳಿರುತ್ತವೆ. ಆ ಓಣಿಗಳಲ್ಲಿ ನೀರಿನ ಅಣುಗಳೂ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಅಯಾನುಗಳೂ ಸಡಿಲವಾಗಿ ನೆಲೆಸಿರುತ್ತವೆ. ಕಾಯಿಸಿದರೆ ನೀರು ಹೊರಡುತ್ತದೆ, ಆದರೆ ಅನೇಕ ಜಿಯೋಲೈಟ್‌ಗಳಲ್ಲಿ ಚೌಕಟ್ಟು ಉಳಿಯುತ್ತದೆ. ಗಡಸು ನೀರನ್ನು ಮೆದುವಾಗಿಸಲು ಜಿಯೋಲೈಟ್ ಬಳಸುವುದು ಈ ಓಣಿಗಳಲ್ಲಿ ಅಯಾನುಗಳು ಅದಲುಬದಲಾಗುವ ಗುಣದಿಂದಲೇ. ಒಳಗೆ ಇಷ್ಟು ತೆರವಿರುವುದರಿಂದ ಈ ಖನಿಜಗಳು ತಮ್ಮ ಗಾತ್ರಕ್ಕೆ ಹಗುರವಾಗಿರುತ್ತವೆ. ಈ ಹಗುರತನವು ಮುಂದೆ ನಮ್ಮ ಪರೀಕ್ಷೆಗೆ ಬಹಳ ನೆರವಾಗುತ್ತದೆ.

ನಿಮ್ಮ ಸ್ನೇಹಿತರ ಬಾವಿ ಇರುವ ನೆಲವು ದಖ್ಖನಿನ ಲಾವಾ ಪ್ರದೇಶದ ಭಾಗ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರದ ಮೇಲೆ ಪದರವಾಗಿ ಹರಿದು ತಣಿದ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿಕೊಂಡಿದೆ. ಲಾವಾ ಹರಿಯುವಾಗ ಅದರೊಳಗಿನ ಅನಿಲವು ಗುಳ್ಳೆಗಳಾಗಿ ಮೇಲೇರುತ್ತದೆ. ಮೇಲ್ಭಾಗ ಬೇಗ ಗಟ್ಟಿಯಾಗುವುದರಿಂದ ಆ ಗುಳ್ಳೆಗಳು ಅಲ್ಲೇ ಸಿಕ್ಕಿಕೊಂಡು ಪೊಟರೆಗಳಾಗುತ್ತವೆ. ಪೊಟರೆಗಳು ಲಾವಾದ ಜೊತೆಗೆ ಹುಟ್ಟಿದವು, ಆದರೆ ಒಳಗಿನ ಹರಳುಗಳು ಅದರ ಜೊತೆ ಹುಟ್ಟಿದವಲ್ಲ. ಲಾವಾ ತಣಿದ ಬಳಿಕ ಬಿಸಿನೀರು ಬಿರುಕುಗಳಲ್ಲಿ ಇಳಿದು, ಬಸಾಲ್ಟ್ ಎಂಬ ಈ ಲಾವಾದ ಕರಿಕಲ್ಲಿನಿಂದ ಸಿಲಿಕಾ, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಮೊದಲಾದವುಗಳನ್ನು ಕರಗಿಸಿಕೊಂಡು ಬಂದು ಪೊಟರೆಗಳಲ್ಲಿ ಒಂದಾದ ಮೇಲೊಂದು ಖನಿಜವನ್ನು ಬಿಟ್ಟುಹೋಯಿತು. ಐಸ್‌ಲ್ಯಾಂಡಿನ ಬಿಸಿನೀರಿನ ಪ್ರದೇಶಗಳಲ್ಲಿ ಕೊರೆದ ಆಳವಾದ ಬಾವಿಗಳಲ್ಲಿ ಸ್ಟಿಲ್ಬೈಟ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಆಳದಲ್ಲಿ ಕಾಣಿಸುವುದರಿಂದ, ಇದಕ್ಕೆ ಬೇಕಾದುದು ಕುದಿನೀರಿನಷ್ಟು ಶಾಖವೇ ಹೊರತು ಕರಗಿದ ಕಲ್ಲಿನ ಶಾಖವಲ್ಲ ಎಂಬುದು ತಿಳಿದುಬಂದಿದೆ. ನಿಮ್ಮ ಕಲ್ಲಿನಲ್ಲಿ ಕಾಣುವ ಹಸಿರು ಪದರ ಬಹುಮಟ್ಟಿಗೆ ಸೆಲಡೋನೈಟ್ ಎಂಬ ಮೆದುವಾದ ಖನಿಜ. ಅದು ಪೊಟರೆಯ ಗೋಡೆಗೆ ಮೊದಲು ಬಳಿದ ಲೇಪ. ಅದರ ಮೇಲೆ ಸ್ಟಿಲ್ಬೈಟ್, ಸ್ಟಿಲ್ಬೈಟಿನ ಮೇಲೆ ಅಪೋಫಿಲ್ಲೈಟ್ ಕುಳಿತಿದ್ದರೆ ಅದೇ ಅವು ಬೆಳೆದ ಅನುಕ್ರಮ. ಯಾವುದು ಯಾವುದರ ಮೇಲೆ ಕುಳಿತಿದೆ ಎಂಬುದನ್ನು ಮಸೂರದಲ್ಲಿ ನೋಡಿ ಬರೆದಿಡಿ. ಈ ಕಾರಣಕ್ಕಾಗಿಯೇ ಹರಳನ್ನು ಕಲ್ಲಿನಿಂದ ಕಿತ್ತು ತೆಗೆಯಬಾರದೆಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಈಗ ಗುರುತಿಸುವ ಮಾತಿಗೆ ಬರೋಣ. ಸ್ಟಿಲ್ಬೈಟಿನ ಮೊದಲ ಗುರುತು ಅದರ ಆಕಾರ. ಜೋಳದ ರಾಶಿಯ ಕಾಲದಲ್ಲಿ ದಂಟುಗಳನ್ನು ನಡುವೆ ಬಿಗಿದು ಕಟ್ಟಿದ ಸಿವುಡನ್ನು ನೀವು ಊರಿನಲ್ಲಿ ನೋಡಿಯೇ ಇರುತ್ತೀರಿ. ನಡು ಸಣ್ಣಗೆ, ಎರಡೂ ತುದಿಗಳು ಬಿರಿದುಕೊಂಡು ಅಗಲವಾಗಿ ಇರುತ್ತವೆ. ಸ್ಟಿಲ್ಬೈಟಿನ ಗೊಂಚಲು ಹಾಗೆಯೇ ಇರುತ್ತದೆ. ನೂರಾರು ತೆಳ್ಳನೆಯ ಹಲಗೆಯಂಥ ಹರಳುಗಳು ಪಕ್ಕಪಕ್ಕದಲ್ಲಿ ಬೆಳೆಯುತ್ತ, ಒಂದಕ್ಕೊಂದು ಕೂದಲೆಳೆಯಷ್ಟು ಓರೆಯಾಗುತ್ತ ಹೋಗುವುದರಿಂದ ಈ ರೂಪ ಬರುತ್ತದೆ. ಜರ್ಮನಿಯ ಖನಿಜತಜ್ಞರು ಬಹುಕಾಲ ಈ ಖನಿಜವನ್ನು ಡೆಸ್ಮಿನ್ ಎಂದು ಕರೆಯುತ್ತಿದ್ದರು, ಗ್ರೀಕ್ ಭಾಷೆಯಲ್ಲಿ ಅದರ ಮೂಲಕ್ಕೆ ಕಟ್ಟು, ಸಿವುಡು ಎಂದೇ ಅರ್ಥ. ಅರ್ಧ ಸಿವುಡು ಮಾತ್ರ ಕಲ್ಲಿನಿಂದ ಹೊರಬಂದಿದ್ದರೆ ಅದು ಬೀಸಣಿಗೆಯಂತೆ ಕಾಣುತ್ತದೆ. ಎಲ್ಲ ದಿಕ್ಕಿಗೂ ಬೆಳೆದಿದ್ದರೆ ಉಂಡೆಯಂತೆಯೂ ಕಾಣಬಹುದು.

ಎರಡನೆಯ ಗುರುತು ಹೊಳಪು. ಸ್ಟಿಲ್ಬೈಟ್ ಎಂಬ ಹೆಸರು ಬಂದದ್ದೇ ಹೊಳೆಯುವುದು ಎಂಬರ್ಥದ ಗ್ರೀಕ್ ಪದದಿಂದ. ಹಲಗೆಯ ಅಗಲವಾದ ಮೈಯನ್ನು ದೀಪದ ಕೆಳಗೆ ನಿಧಾನವಾಗಿ ಓರೆ ಮಾಡಿ ನೋಡಿದರೆ ಒಂದು ಕೋನದಲ್ಲಿ ಇಡೀ ಮೈ ಮುತ್ತಿನಂತೆ ಮಿಂಚುತ್ತದೆ. ಉಳಿದ ಮೈಗಳಲ್ಲಿ ಗಾಜಿನ ಹೊಳಪಷ್ಟೇ ಇರುತ್ತದೆ. ಖನಿಜವು ಆ ಅಗಲವಾದ ಮೈಗೆ ಸಮನಾಗಿ ಅಚ್ಚುಕಟ್ಟಾಗಿ ಸೀಳುತ್ತದೆ ಎಂಬುದು ಇದಕ್ಕೆ ಕಾರಣ. ಕಣ್ಣಿಗೆ ಕಾಣದಷ್ಟು ತೆಳುವಾದ ಒಳಸೀಳುಗಳಿಂದ ಬೆಳಕು ಪದರಪದರವಾಗಿ ಮರಳಿ ಬರುವುದೇ ಆ ಮುತ್ತಿನ ಹೊಳಪು. ಸೀಳುವ ದಿಕ್ಕು ಒಂದೇ ಎಂಬುದನ್ನು ಮರೆಯಬೇಡಿ. ಕ್ಯಾಲ್ಸೈಟ್ ಮೂರು ದಿಕ್ಕುಗಳಲ್ಲಿ ಸೀಳಿ ಓರೆಯಾದ ಪೆಟ್ಟಿಗೆಯಂಥ ಚೂರುಗಳಾಗುತ್ತದೆ, ಬೆಣಚುಕಲ್ಲು ಸೀಳುವುದೇ ಇಲ್ಲ. ಬಾವಿಯ ಮಣ್ಣಿನ ಗುಡ್ಡೆಯಲ್ಲಿ ಒಡೆದ ಚೂರುಗಳು ಖಂಡಿತ ಬಿದ್ದಿರುತ್ತವೆ. ಅವನ್ನು ಆರಿಸಿ ತಂದು ಈ ಸೀಳುಗಳನ್ನು ನೋಡಿ ಕಲಿಯುವುದು ಉತ್ತಮ. ಒಳ್ಳೆಯ ಹರಳಿನ ಮೇಲೆ ಪ್ರಯೋಗ ಮಾಡಬೇಕಾಗಿಲ್ಲ.

ಹೊಸದಾಗಿ ಕಲಿಯುವವರನ್ನು ಹೆಚ್ಚು ತಪ್ಪಿಸುವ ಖನಿಜ ಹ್ಯೂಲಾಂಡೈಟ್. ಅದಕ್ಕೂ ಮುತ್ತಿನ ಹೊಳಪಿದೆ, ಅದೂ ಒಂದೇ ದಿಕ್ಕಿನಲ್ಲಿ ಸೀಳುತ್ತದೆ, ಗಡಸುತನವೂ ಸ್ಟಿಲ್ಬೈಟಿನಷ್ಟೇ, ಬಣ್ಣವೂ ಬಿಳಿ ಅಥವಾ ಪೀಚ್ ಆಗಿರಬಹುದು. ತಜ್ಞರೇ ಬಹುಕಾಲ ಇವೆರಡನ್ನೂ ಒಂದೇ ಹೆಸರಿನಡಿ ಇಟ್ಟಿದ್ದರು. 1822ರಲ್ಲಿ ಇಂಗ್ಲೆಂಡಿನ ಖನಿಜತಜ್ಞ ಬ್ರೂಕ್ ಅವರು ಹರಳು ಸಂಗ್ರಾಹಕ ಹೆನ್ರಿ ಹ್ಯೂಲಾಂಡ್ ಅವರ ಹೆಸರಿನಲ್ಲಿ ಇದನ್ನು ಬೇರ್ಪಡಿಸಿದರು. ಕಣ್ಣಿನಿಂದ ಬೇರ್ಪಡಿಸುವ ದಾರಿಯೆಂದರೆ ಬಿಡಿ ಹರಳಿನ ಆಕಾರ. ಹ್ಯೂಲಾಂಡೈಟಿನ ಹರಳು ಪಾಶ್ಚಾತ್ಯರ ಶವಪೆಟ್ಟಿಗೆಯಂತೆ ನಡುವಿನಲ್ಲಿ ಅಗಲವಾಗಿ ತುದಿಗಳಲ್ಲಿ ಕಿರಿದಾಗುತ್ತದೆ. ಸ್ಟಿಲ್ಬೈಟಿನದು ಅದಕ್ಕೆ ಪೂರ್ತಿ ವಿರುದ್ಧ, ನಡುವಿನಲ್ಲಿ ಕಿರಿದು, ತುದಿಗಳಲ್ಲಿ ಅಗಲ. ಎರಡೂ ಒಂದೇ ಪೊಟರೆಯಲ್ಲಿ ಇರುವುದು ಸಾಮಾನ್ಯವಾದ್ದರಿಂದ ಗೊಂಚಲುಗಳ ಬುಡದಲ್ಲಿ ಸಣ್ಣ ಶವಪೆಟ್ಟಿಗೆಯಾಕಾರದ ಹರಳುಗಳಿವೆಯೇ ಎಂದು ನೋಡಿ.

ಇನ್ನು ಸ್ಟೆಲ್ಲರೈಟ್ ಎಂಬ ಖನಿಜವಿದೆ. ಅದರ ಒಳಚೌಕಟ್ಟು ಸ್ಟಿಲ್ಬೈಟಿನದೇ. ಸ್ಟಿಲ್ಬೈಟಿನಲ್ಲಿ ಕ್ಯಾಲ್ಸಿಯಂ ಜೊತೆಗೆ ಸ್ವಲ್ಪ ಸೋಡಿಯಂ ಇರುತ್ತದೆ, ಸ್ಟೆಲ್ಲರೈಟಿನಲ್ಲಿ ಬಹುಪಾಲು ಕ್ಯಾಲ್ಸಿಯಂ ಮಾತ್ರ. ಇವೆರಡನ್ನು ಮನೆಯಲ್ಲಿ ನಿಶ್ಚಯವಾಗಿ ಬೇರ್ಪಡಿಸಲು ಬರುವುದಿಲ್ಲ. ರಾಸಾಯನಿಕ ವಿಶ್ಲೇಷಣೆಯೇ ಬೇಕು. 1997ರಲ್ಲಿ ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘದ ಸಮಿತಿಯು ಜಿಯೋಲೈಟ್‌ಗಳ ಹೆಸರುಗಳನ್ನು ಪರಿಷ್ಕರಿಸಿ, ಸ್ಟಿಲ್ಬೈಟನ್ನು ಒಂದು ಶ್ರೇಣಿಯೆಂದು ಪರಿಗಣಿಸಿ, ಕ್ಯಾಲ್ಸಿಯಂ ಹೆಚ್ಚಿದ್ದರೆ ಸ್ಟಿಲ್ಬೈಟ್-ಸಿಎ, ಸೋಡಿಯಂ ಹೆಚ್ಚಿದ್ದರೆ ಸ್ಟಿಲ್ಬೈಟ್-ಎನ್‌ಎ ಎಂದು ಕರೆಯಬೇಕೆಂದು ತೀರ್ಮಾನಿಸಿತು. ವಿಶ್ಲೇಷಣೆ ಮಾಡಿಸದೆ ಆ ಬಾಲವನ್ನು ಚೀಟಿಯಲ್ಲಿ ಬರೆಯುವುದು ಸರಿಯಲ್ಲ. ‘ಸ್ಟಿಲ್ಬೈಟ್’ ಎಂದಷ್ಟೇ ಬರೆಯಿರಿ; ತಿಳಿದಷ್ಟನ್ನು ಬರೆದ ಚೀಟಿಗೆ ಹೆಚ್ಚು ಬೆಲೆಯಿದೆ.

ಅಪೋಫಿಲ್ಲೈಟಿನ ವಿಷಯಕ್ಕೆ ಬಂದರೆ, ಅದರ ಹರಳು ಘನಾಕೃತಿಯಂತೆ ಕಂಡರೂ ಘನಾಕೃತಿಯಲ್ಲ. ಡಬ್ಬಿಯ ನಾಲ್ಕು ಪಕ್ಕಗಳನ್ನು ಮಸೂರದಲ್ಲಿ ನೋಡಿದರೆ ಅವುಗಳ ಮೇಲೆ ಉದ್ದಕ್ಕೂ ನವಿರಾದ ಗೆರೆಗಳು ಕಾಣುತ್ತವೆ, ಹೊಳಪು ಗಾಜಿನದು. ಮೇಲಿನ ಮುಚ್ಚಳ ಮತ್ತು ತಳದಲ್ಲಿ ಮಾತ್ರ ಮುತ್ತಿನ ಹೊಳಪಿರುತ್ತದೆ. ಮುಚ್ಚಳದ ಬದಲು ಮೊನಚಾದ ಗೋಪುರವಿರುವ ಹರಳುಗಳೂ ಉಂಟು, ಅವುಗಳ ತುದಿ ಮುರಿದಿದ್ದರೆ ಮುರಿದ ಜಾಗ ಅಡ್ಡಲಾಗಿ ಕನ್ನಡಿಯಂತೆ ಚಪ್ಪಟೆಯಾಗಿರುತ್ತದೆ. ಅಪೋಫಿಲ್ಲೈಟ್ ಕೂಡ ಕಾಯಿಸಿದರೆ ನೀರು ಬಿಟ್ಟು ಹಾಳೆಹಾಳೆಯಾಗಿ ಉದುರುತ್ತದೆ, ಹೆಸರಿನ ಅರ್ಥವೂ ಅದೇ. ಅದರ ಸಿಲಿಕೇಟ್‌ಗಳು ಹಾಳೆಗಳಾಗಿ ಜೋಡಿಸಿಕೊಂಡಿವೆ, ಅವುಗಳ ಚೌಕಟ್ಟಿನಲ್ಲಿ ಅಲ್ಯೂಮಿನಿಯಂ ಇಲ್ಲ, ಆದ್ದರಿಂದಲೇ ಅದು ಜಿಯೋಲೈಟ್ ಅಲ್ಲ. ಪುಣೆಯ ಪಾಷಾಣ ಮತ್ತು ಜಳಗಾಂವ ಕಡೆಯ ಹಸಿರು ಅಪೋಫಿಲ್ಲೈಟ್ ಲೋಕಪ್ರಸಿದ್ಧ. ಆ ಹಸಿರು ವೆನೇಡಿಯಂ ಎಂಬ ಧಾತುವಿನ ಅಲ್ಪಾಂಶದಿಂದ ಬರುತ್ತದೆ.

ಪರೀಕ್ಷೆಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟಾದುದು. ಪಠ್ಯಪುಸ್ತಕಗಳು ಮೊದಲು ಹೇಳುವ ಗೀರುವ ಪರೀಕ್ಷೆಯಿಂದ ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಅತಿ ಮೆದುವಿಗೆ 1, ಅತಿ ಗಡಸಿಗೆ 10 ಎಂದಿಟ್ಟ ಮೋಸ್ ಮಾಪಕದಲ್ಲಿ ಸ್ಟಿಲ್ಬೈಟಿನ ಗಡಸುತನ 3.5ರಿಂದ 4, ಅಪೋಫಿಲ್ಲೈಟಿನದು 4.5ರಿಂದ 5, ಕ್ಯಾಲ್ಸೈಟಿನದು 3. ಚಾಕುವಿನ ತುದಿ ಮೂರನ್ನೂ ಗೀರುತ್ತದೆ. ಗಾಜನ್ನು ಗೀರುವ ಬೆಣಚುಕಲ್ಲನ್ನು ಬೇರ್ಪಡಿಸಲಷ್ಟೇ ಈ ಪರೀಕ್ಷೆ ಸಾಕು, ಅದಕ್ಕೂ ಒಡೆದ ಚೂರನ್ನೇ ಬಳಸಿ. ಕ್ಯಾಲ್ಸೈಟ್ ಹೌದೋ ಅಲ್ಲವೋ ಎಂಬ ನಿಮ್ಮ ಸಂದೇಹಕ್ಕೆ ಅತಿ ಸರಳ ಉತ್ತರ ಅಡುಗೆಮನೆಯಲ್ಲೇ ಇದೆ. ಒಂದು ಚಿಕ್ಕ ಚೂರನ್ನು ನುಣ್ಣಗೆ ಪುಡಿ ಮಾಡಿ ಅದರ ಮೇಲೆ ವಿನೆಗರ್ ಹನಿಸಿ, ಮಸೂರದಲ್ಲಿ ನೋಡಿ. ಕ್ಯಾಲ್ಸೈಟ್ ಆಗಿದ್ದರೆ ಸಣ್ಣ ಗುಳ್ಳೆಗಳು ಎದ್ದೇಳುತ್ತವೆ. ಸ್ಟಿಲ್ಬೈಟ್, ಅಪೋಫಿಲ್ಲೈಟ್ ಎರಡೂ ಸುಮ್ಮನಿರುತ್ತವೆ.

ಇದಕ್ಕಿಂತಲೂ ನಾನು ಹೆಚ್ಚು ನಂಬುವುದು ತೂಕದ ಪರೀಕ್ಷೆಯನ್ನು, ಏಕೆಂದರೆ ಅದರಲ್ಲಿ ಹರಳಿಗೆ ಏನೂ ಹಾನಿಯಿಲ್ಲ. 0.1 ಗ್ರಾಂವರೆಗೆ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಕರಿಕಲ್ಲು ಅಂಟಿಕೊಂಡಿರದ ಒಂದು ಶುದ್ಧ ಚೂರನ್ನು ಮೊದಲು ಒಣಗಿರುವಾಗಲೇ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಚೂರನ್ನು ತೆಳುವಾದ ದಾರದಲ್ಲಿ ಕಟ್ಟಿ ಲೋಟದ ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಉದಾಹರಣೆಗೆ ಒಣ ತೂಕ 8.6 ಗ್ರಾಂ ಇದ್ದು ನೀರಿನಲ್ಲಿ ಮುಳುಗಿಸಿದಾಗ 3.9 ಬಂದರೆ ಸಾಂದ್ರತೆ ಸುಮಾರು 2.2, ಅದು ಸ್ಟಿಲ್ಬೈಟಿನ ಅಂಕಿ. ಅಷ್ಟೇ ತೂಕದ ಕ್ಯಾಲ್ಸೈಟ್ ಆಗಿದ್ದರೆ 3.2ರ ಹತ್ತಿರ ಬರುತ್ತಿತ್ತು, ಏಕೆಂದರೆ ಕ್ಯಾಲ್ಸೈಟಿನ ಸಾಂದ್ರತೆ 2.71. ಬೆಣಚುಕಲ್ಲಿನದು 2.65, ಅಪೋಫಿಲ್ಲೈಟಿನದು 2.3ರಿಂದ 2.4. ಸಿವುಡಿನ ಸಂದುಗಳಲ್ಲಿ ಗಾಳಿಗುಳ್ಳೆಗಳು ಉಳಿದರೆ ಲೆಕ್ಕ ತಪ್ಪುವುದರಿಂದ ಚೂರನ್ನು ನೀರಿನೊಳಗೇ ಮೆತ್ತನೆಯ ಕುಂಚದಿಂದ ಸವರಿ ಗುಳ್ಳೆ ಬಿಡಿಸಿ. ಮೂರು ಬಾರಿ ತೂಗಿ ಸರಾಸರಿ ತೆಗೆಯಿರಿ. ಹತ್ತು ಗ್ರಾಂಗಿಂತ ತೀರ ಚಿಕ್ಕ ಚೂರುಗಳಲ್ಲಿ ಈ ತಕ್ಕಡಿಯ ಅಂಕಿಯನ್ನು ಎಚ್ಚರದಿಂದ ಬಳಸಬೇಕು.

ಪೊಟರೆಯಲ್ಲಿ ಸೂಜಿಯಂಥ ಬಿಳಿಯ ಹರಳುಗಳೂ ಇದ್ದರೆ ಅವುಗಳ ಹೆಸರಿಗೆ ಅವಸರಪಡಬೇಡಿ. ಸ್ಕೊಲೆಸೈಟ್, ಮೆಸೊಲೈಟ್, ನ್ಯಾಟ್ರೊಲೈಟ್ ಎಂಬ ಮೂರು ಜಿಯೋಲೈಟ್‌ಗಳು ಒಂದೇ ತೆರನಾದ ಸೂಜಿಗಳಾಗಿ ಬೆಳೆಯುತ್ತವೆ. ಮೊದಲನೆಯದರಲ್ಲಿ ಕ್ಯಾಲ್ಸಿಯಂ, ಕೊನೆಯದರಲ್ಲಿ ಸೋಡಿಯಂ, ನಡುವಿನದರಲ್ಲಿ ಎರಡೂ ಇವೆ. ನಾಶಿಕ ಮತ್ತು ಪುಣೆಯ ಕಡೆಯ ದಪ್ಪ ಸೂಜಿಗಳು ಹೆಚ್ಚಾಗಿ ಸ್ಕೊಲೆಸೈಟ್. ಕೂದಲಿನಂತೆ ನವಿರಾದವು ಮೆಸೊಲೈಟ್ ಇರಬಹುದು. ಆದರೂ ಹರಳಿನ ಒಳರಚನೆಯನ್ನು ತೋರಿಸುವ ಎಕ್ಸ್-ರೇ ವಿವರ್ತನ ಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳುವುದು ಕಷ್ಟ. ಈ ಪರೀಕ್ಷೆಗೆ ಚಿಟಿಕೆಯಷ್ಟು ಪುಡಿ ಸಾಕು. ಪುಣೆಯ ಅಥವಾ ಧಾರವಾಡದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗವನ್ನು ಪತ್ರ ಬರೆದು ವಿಚಾರಿಸಬಹುದು.

ಬಣ್ಣವನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಸ್ಟಿಲ್ಬೈಟ್ ಬಿಳಿ, ಕೆನೆ, ಗುಲಾಬಿ, ಪೀಚ್, ಕಂದು ಯಾವುದೂ ಆಗಿರಬಹುದು. ಪ್ರವಾಸಿ ತಾಣಗಳ ಅಂಗಡಿಗಳಲ್ಲಿ ಕೆಂಪು, ನೀಲಿ, ಹಸಿರು ಬಣ್ಣದ ಹತ್ತಿಯುಂಡೆಯಂಥ ಹರಳುಗಳನ್ನು ಮಾರುತ್ತಾರೆ. ಅದು ಒಕೆನೈಟ್ ಎಂಬ, ಸಹಜವಾಗಿ ಬಿಳಿಯಾಗಿರುವ ಖನಿಜಕ್ಕೆ ಬಣ್ಣ ಹಾಕಿದ್ದು. ಪುಣೆಯ ವಾಘೋಲಿಯಲ್ಲಿ ಸ್ಟಿಲ್ಬೈಟಿನ ಮೇಲೆ ಕುಳಿತ ಕಡುನೀಲಿ ಕವನ್ಸೈಟ್ ಮಾತ್ರ ಸಹಜವಾಗಿಯೇ ನೀಲಿ, ಆದರೆ ಬೆಲೆ ಹೆಚ್ಚಿರುವುದರಿಂದ ಬಿಡಿ ಕವನ್ಸೈಟನ್ನು ಬೇರೆ ಕಲ್ಲಿಗೆ ಅಂಟಿಸಿ ಮಾರುವುದೂ ಇದೆ. ಅಂಟಿನ ಜಾಗವು ಮಸೂರದಲ್ಲಿ ಗುಳ್ಳೆಗಳಿರುವ ಹೊಳೆಯುವ ಕಲೆಯಾಗಿ ಕಾಣುತ್ತದೆ. ಅನೇಕ ಅಂಟುಗಳು ನೇರಳಾತೀತ ದೀಪದ ಕೆಳಗೆ ಬೆಳಗುತ್ತವೆ. ಕೈಯಾರೆ ಬಾವಿಯಿಂದ ಬಂದ ನಿಮ್ಮ ಕಲ್ಲಿಗೆ ಈ ಯಾವ ಸಂದೇಹವೂ ಇಲ್ಲ ಎಂಬುದೇ ಅದರ ದೊಡ್ಡ ಗುಣ.

ಸಂಗ್ರಹದ ವಿಚಾರದಲ್ಲಿ ಮೊದಲ ಪ್ರಶ್ನೆ ಅನುಮತಿ. ಸ್ನೇಹಿತರ ಹೊಲದಲ್ಲಿ ಅವರ ಒಪ್ಪಿಗೆಯಿಂದ ಮಣ್ಣಿನ ಗುಡ್ಡೆಯಲ್ಲಿ ಆರಿಸುವುದು ಬೇರೆ. ಕಲ್ಲುಗಣಿಗಳಿಗೆ ಗುತ್ತಿಗೆದಾರರಿರುತ್ತಾರೆ, ಅಲ್ಲಿಗೆ ಕೇಳದೆ ಕಾಲಿಡಬಾರದು. ಕಟ್ಟಡದ ಕಲ್ಲು ತೆಗೆಯುವುದು 1957ರ ಗಣಿ ಮತ್ತು ಖನಿಜ ಕಾಯಿದೆಯಡಿ ಆಯಾ ರಾಜ್ಯದ ನಿಯಮಗಳಿಗೆ ಒಳಪಟ್ಟಿದೆ, ಆದ್ದರಿಂದ ಮಾರಾಟದ ಆಲೋಚನೆಯಿದ್ದರೆ ಮೊದಲು ಜಿಲ್ಲೆಯ ಗಣಿ ಇಲಾಖೆಯಲ್ಲಿ ವಿಚಾರಿಸಿ. ಅಜಂತಾ, ಎಲ್ಲೋರಾ, ನಾಶಿಕದ ಪಾಂಡವಲೇಣಿ ಇವೆಲ್ಲ ಇದೇ ಬಸಾಲ್ಟಿನಲ್ಲಿ ಕೊರೆದ ಗುಹೆಗಳು. ಗೋಡೆಯಲ್ಲಿ ಬಿಳಿಯ ಚುಕ್ಕೆಗಳು ಕಾಣುತ್ತವೆಂದು ಅಲ್ಲಿ ಉಗುರನ್ನೂ ತಾಗಿಸಬಾರದು, ಅವು ಸಂರಕ್ಷಿತ ಸ್ಮಾರಕಗಳು.

ಅನುಮತಿ ಸಿಕ್ಕ ಮೇಲೂ ಬಾವಿಯೊಳಗೆ ಇಳಿಯಬೇಡಿ. ಸಿಡಿಯದೆ ಉಳಿದ ಜಿಲೆಟಿನ್ ಕಡ್ಡಿ, ಸಡಿಲಗೊಂಡ ಗೋಡೆ, ತಳದಲ್ಲಿ ನಿಂತ ಕೆಟ್ಟ ಗಾಳಿ ಈ ಮೂರೂ ಕಣ್ಣಿಗೆ ಕಾಣದ ಅಪಾಯಗಳು. ಒಳ್ಳೆಯ ಹರಳುಗಳಲ್ಲಿ ಬಹುಪಾಲು ಮೇಲೆ ಬಂದ ಕಲ್ಲುರಾಶಿಯಲ್ಲೇ ಸಿಗುತ್ತವೆ. ಬಾವಿ ತೋಡುವವರೊಡನೆ ಸೌಜನ್ಯದಿಂದ ಮಾತನಾಡಿ, ಪೊಟರೆ ಕಂಡರೆ ಆ ಬಂಡೆಯನ್ನು ಒಡೆಯದೆ ಬದಿಗಿಡುವಂತೆ ಕೇಳಿಕೊಂಡರೆ ಅವರ ಅನುಭವದಿಂದ ನಿಮಗೆ ಹೆಚ್ಚು ಪ್ರಯೋಜನವಾಗುತ್ತದೆ. ಬಂಡೆಯಿಂದ ಪೊಟರೆಯನ್ನು ಬಿಡಿಸುವಾಗ ಉಳಿಯನ್ನು ಪೊಟರೆಯ ಅಂಚಿನಿಂದ ಒಂದು ಗೇಣು ದೂರದಲ್ಲಿಟ್ಟು, ಸುತ್ತಲೂ ಸ್ವಲ್ಪಸ್ವಲ್ಪವಾಗಿ ಬಡಿಯುತ್ತ ಬನ್ನಿ. ಒಂದೇ ಜಾಗದಲ್ಲಿ ಜೋರಾಗಿ ಬಡಿದರೆ ಅದರ ಅದುರಿಗೇ ಸ್ಟಿಲ್ಬೈಟ್ ಸೀಳಿನ ಉದ್ದಕ್ಕೂ ಬಿರುಕು ಬಿಡುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ.

ಇನ್ನೊಂದು ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ. ಉಣ್ಣೆಯಂತೆ ನವಿರಾದ ನಾರುಗಳುಳ್ಳ ಖನಿಜ ಕಂಡರೆ ಅದನ್ನು ಒಣಗಿರುವಾಗ ಉಜ್ಜಬಾರದು, ಊದಬಾರದು. ಎರಿಯೊನೈಟ್ ಎಂಬ ನಾರಿನ ಜಿಯೋಲೈಟಿನ ಧೂಳು ಶ್ವಾಸದಲ್ಲಿ ಸೇರಿ ಟರ್ಕಿ ದೇಶದ ಕಪಡೋಕಿಯಾ ಪ್ರದೇಶದ ಕರಾಯಿನ್, ತುಜ್ಕೋಯ್ ಮೊದಲಾದ ಹಳ್ಳಿಗಳಲ್ಲಿ ಅನೇಕರು ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರಿಗೆ ಬಲಿಯಾದರು. ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಸ್ಟಿಲ್ಬೈಟ್ ನಾರಿನ ಖನಿಜವಲ್ಲ, ಅದನ್ನು ಕೈಯಲ್ಲಿ ಹಿಡಿಯಲು ಹೆದರಬೇಕಾಗಿಲ್ಲ. ಹೆಸರು ತಿಳಿಯದ ನಾರುಗಳನ್ನು ಮಾತ್ರ ಒದ್ದೆ ಮಾಡಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಕಲ್ಲು ಕತ್ತರಿಸುವುದಿದ್ದರೆ ನೀರು ಹಾಯಿಸುತ್ತಲೇ ಕತ್ತರಿಸಿ, ಧೂಳು ತಡೆಯುವ ಮುಖಗವಸು ಧರಿಸಿ.

ತೊಳೆಯುವುದಕ್ಕೆ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಕಲ್ಲನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಬಾವಿಯ ಮಣ್ಣು ತಾನಾಗಿ ಸಡಿಲವಾಗುತ್ತದೆ. ಸಂದುಗಳಿಗೆ ಬಿದಿರಿನ ಕಡ್ಡಿಯ ಮೊನೆ ಬಳಸಿ. ಆಮ್ಲವನ್ನು ಬಳಸಲೇಬೇಡಿ. ಬಹಳ ವರ್ಷಗಳ ಹಿಂದೆ ನಾನೇ ಒಂದು ಒಳ್ಳೆಯ ಸ್ಕೊಲೆಸೈಟ್ ಗೊಂಚಲಿನ ಮೇಲಿದ್ದ ತೆಳುವಾದ ಕ್ಯಾಲ್ಸೈಟ್ ಪೊರೆಯನ್ನು ತೆಗೆಯಲು ನೀರು ಬೆರೆಸಿ ತೆಳುಗೊಳಿಸಿದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿಟ್ಟಿದ್ದೆ. ಕ್ಯಾಲ್ಸೈಟ್ ಹೋಯಿತು, ಅದರ ಜೊತೆಗೆ ಸೂಜಿಗಳ ಹೊಳಪೂ ಹೋಯಿತು. ಮೇಲ್ಮೈ ಅಂಟಂಟಾಗಿ, ಒಣಗಿದ ಮೇಲೆ ಸುಣ್ಣ ಬಳಿದಂತಾಯಿತು. ಸ್ಕೊಲೆಸೈಟ್, ನ್ಯಾಟ್ರೊಲೈಟ್‌ಗಳು ಈ ಆಮ್ಲದಲ್ಲಿ ಗಂಜಿಯಂಥ ಸಿಲಿಕಾ ಆಗಿ ಒಡೆಯುತ್ತವೆ ಎಂಬುದು ಪುಸ್ತಕದಲ್ಲಿ ಓದಿದ್ದ ಸಂಗತಿಯೇ ಆಗಿತ್ತು. ಆ ಗೊಂಚಲು ಮರಳಿ ಬರಲಿಲ್ಲ, ಅದರ ಕೊರಗು ಇನ್ನೂ ಇದೆ. ಸ್ಟಿಲ್ಬೈಟ್ ಗಂಜಿಯಾಗುವುದಿಲ್ಲ, ಆದರೂ ಆಮ್ಲ ಅದನ್ನು ಕೊರೆಯುತ್ತದೆ. ತುಕ್ಕಿನ ಬಣ್ಣದ ಕಲೆಗಳಿದ್ದರೆ ಇರಲಿ ಬಿಡಿ. ಅಕ್ಕಸಾಲಿಗರು ಬಳಸುವ ಅಲ್ಟ್ರಾಸಾನಿಕ್ ಯಂತ್ರದಲ್ಲಿಟ್ಟರೆ ಸೀಳುಗಳು ತೆರೆದುಕೊಳ್ಳುತ್ತವೆ, ಅದೂ ಬೇಡ.

ಒಣಗಿಸುವಾಗ ಬಿಸಿಲು, ಒಲೆ, ಹೇರ್ ಡ್ರೈಯರ್ ಯಾವುದೂ ಬೇಡ. ನೆರಳಿನಲ್ಲಿ ಎರಡು ದಿನ ಇಟ್ಟರೆ ಸಾಕು. ಹರಳಿನೊಳಗಿನ ನೀರು ಹೊರಟರೆ ತಿಳಿಯಾದ ಮೈ ಮಂಜಾಗುತ್ತದೆ. ಪೊಟರೆಯಲ್ಲಿ ಬಿಳಿಯ, ಚೌಕ ಕಂಬಗಳಂಥ ಹರಳುಗಳಿದ್ದು ಕೆಲವು ವಾರಗಳಲ್ಲಿ ತಾವಾಗಿಯೇ ಪುಡಿಯಾಗತೊಡಗಿದರೆ ಅದು ಲೋಮೊಂಟೈಟ್ ಎಂಬ ಜಿಯೋಲೈಟ್; ಅದಕ್ಕೆ ನಮ್ಮ ಮನೆಯ ಒಣಗಾಳಿಯೇ ಸಾಕಾಗುತ್ತದೆ. ಅದನ್ನು ಒದ್ದೆ ಹತ್ತಿಯ ತುಣುಕಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಒಕೆನೈಟಿನ ಹತ್ತಿಯುಂಡೆ ಸಿಕ್ಕಿದರೆ ಅದಕ್ಕೆ ಬೆರಳನ್ನೂ ನೀರನ್ನೂ ತಾಗಿಸಬೇಡಿ, ಒಮ್ಮೆ ಮೆತ್ತಿಕೊಂಡ ಕೂದಲುಗಳು ಮತ್ತೆ ಬಿಡಿಸಿಕೊಳ್ಳುವುದಿಲ್ಲ.

ವಿಜಯಪುರದ ಬಗ್ಗೆ ಕೇಳಿದ್ದೀರಿ. ದಖ್ಖನಿನ ಲಾವಾ ಮಹಾರಾಷ್ಟ್ರದ ಗಡಿಗೆ ನಿಲ್ಲುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ದೊಡ್ಡ ಭಾಗಗಳನ್ನು ಅದು ಮುಚ್ಚಿದೆ. ನಿಮ್ಮ ಊರಿನ ಎರೆಮಣ್ಣು ಅದೇ ಬಸಾಲ್ಟ್ ಸವೆದು ಆದ ಮಣ್ಣು, ಗೋಳಗುಮ್ಮಟ ಕಟ್ಟಿದ್ದೂ ಅದೇ ಕರಿಕಲ್ಲಿನಿಂದ. ಆದರೂ ನಾಶಿಕದಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಸಹ್ಯಾದ್ರಿಯ ಸುತ್ತ ಲಾವಾದ ಒಟ್ಟು ದಪ್ಪ ಹೆಚ್ಚು, ಅಲ್ಲಿಯ ಹರಿವುಗಳು ಸಣ್ಣ ಸಣ್ಣ ನಾಲಗೆಗಳಾಗಿ ಒಂದರ ಮೇಲೊಂದು ಚಾಚಿ ಪೊಟರೆಗಳನ್ನು ಹೇರಳವಾಗಿ ಉಳಿಸಿಕೊಂಡಿವೆ. ಮುಂಬೈ-ಪುಣೆ ನಡುವಿನ ಭೋರ್ ಘಾಟಿನ ರೈಲುಮಾರ್ಗಕ್ಕೆ 1863ಕ್ಕೆ ಮುನ್ನ ಬೆಟ್ಟ ಕಡಿದಾಗಲೇ ದೊಡ್ಡ ಹರಳುಗಳು ಹೊರಬಂದು ಯುರೋಪಿನ ಸಂಗ್ರಹಾಲಯಗಳನ್ನು ಸೇರಿದ್ದವು. ದಕ್ಷಿಣ ಮತ್ತು ಪೂರ್ವದ ಅಂಚಿಗೆ ಬಂದಂತೆ ಲಾವಾ ತೆಳುವಾಗುತ್ತದೆ, ದೊಡ್ಡ ಹಾಸುಗಳಾಗಿ ಹರಿದ ಗಟ್ಟಿಯಾದ ಬಂಡೆ ಹೆಚ್ಚಾಗುತ್ತದೆ. ಇಲ್ಲಿ ಹುಡುಕುವವರು ಕಡಲೆಯಿಂದ ನಿಂಬೆಹಣ್ಣಿನ ಗಾತ್ರದವರೆಗಿನ ಬಿಳಿ ತುಂಬಿದ ಗುಳ್ಳೆಗಳನ್ನು ನಿರೀಕ್ಷಿಸುವುದು ಸರಿ. ಹೊಸ ಬಾವಿ, ಕಾಲುವೆ, ರಸ್ತೆ ಕಡಿದ ಜಾಗಗಳಲ್ಲಿ ಗಟ್ಟಿ ಬಂಡೆಯನ್ನು ಬಿಟ್ಟು, ಒಂದು ಹರಿವಿನ ಮೇಲ್ತುದಿಯಲ್ಲಿ ಕಾಣುವ ಜಾಳುಜಾಳಾದ, ಗುಳ್ಳೆಗಳಿಂದ ತುಂಬಿದ ಪದರವನ್ನು ನೋಡಿ. ಎರಡು ಹರಿವುಗಳ ನಡುವೆ ಕೆಲವೊಮ್ಮೆ ಇಟ್ಟಿಗೆಗೆಂಪು ಮಣ್ಣಿನ ಪಟ್ಟಿ ಇರುತ್ತದೆ. ಅದು ಕಂಡರೆ ಅದರ ಕೆಳಗಿನ ಪದರವೇ ನೀವು ಹುಡುಕಬೇಕಾದ ಜಾಗ. ಬಾದಾಮಿಯ ಮರಳುಗಲ್ಲಿನಲ್ಲಾಗಲಿ ಕಲಬುರಗಿಯ ಸುಣ್ಣಕಲ್ಲಿನಲ್ಲಾಗಲಿ ಈ ಬಗೆಯ ಹರಳುಗಳಿಗಾಗಿ ಅಲೆದು ಪ್ರಯೋಜನವಿಲ್ಲ.

ಹುಡುಕುವ ಮೊದಲು ಕಣ್ಣಿಗೆ ಅಭ್ಯಾಸವಾಗಬೇಕೆಂದರೆ ಸಿನ್ನರದಲ್ಲೇ ಇರುವ ಗಾರಗೋಟಿ ಖನಿಜ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಒಂದೇ ಖನಿಜ ಎಷ್ಟು ರೂಪಗಳನ್ನು ತಾಳುತ್ತದೆ ಎಂಬುದು ಅಲ್ಲಿ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ.

ಕೊನೆಯದಾಗಿ ಚೀಟಿಯ ಮಾತು. ಜಿಲ್ಲೆಗಳ ಹೆಸರು ಬದಲಾಗುತ್ತವೆ. ಅಹ್ಮದನಗರ ಈಗ ಅಹಿಲ್ಯಾನಗರವಾಗಿದೆ, ಹಳೆಯ ಸಂಗ್ರಹಗಳಲ್ಲಿ ‘ಪೂನಾ’ ಎಂದಷ್ಟೇ ಬರೆದ ಕಲ್ಲುಗಳು ಎಲ್ಲಿಯವೆಂದು ಇಂದು ಯಾರಿಗೂ ಹೇಳಲಾಗದು. ಆದ್ದರಿಂದ ಊರು, ತಾಲ್ಲೂಕು, ಜಿಲ್ಲೆಯ ಜೊತೆಗೆ ಮೊಬೈಲಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶಗಳನ್ನೂ ಬರೆಯಿರಿ. ಕಲ್ಲಿನ ಹಿಂಬದಿಯಲ್ಲಿ, ಹರಳಿಲ್ಲದ ಜಾಗದಲ್ಲಿ, ಒಂದು ಚುಕ್ಕೆ ಬಿಳಿ ಬಣ್ಣ ಹಚ್ಚಿ ಅದರ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ ಹಾಕಿ, ಅದೇ ಸಂಖ್ಯೆಯನ್ನು ಚೀಟಿಯಲ್ಲೂ ಒಂದು ವಹಿಯಲ್ಲೂ ನಮೂದಿಸಿ. ನಿಮ್ಮ ಮೊದಲ ಚೀಟಿಯಲ್ಲಿ ಹೀಗೆ ಬರೆಯಬಹುದು: ಸಂಖ್ಯೆ 1, ಸೆಲಡೋನೈಟ್ ಪದರದ ಮೇಲೆ ಸ್ಟಿಲ್ಬೈಟ್, ಅದರ ಮೇಲೆ ಅಪೋಫಿಲ್ಲೈಟ್, ಬಸಾಲ್ಟಿನ ಪೊಟರೆಯಿಂದ, ಹೊಸ ಬಾವಿ, ಸುಮಾರು 40 ಅಡಿ ಆಳ, ಊರಿನ ಹೆಸರು, ಸಿನ್ನರ ತಾಲ್ಲೂಕು, ನಾಶಿಕ ಜಿಲ್ಲೆ, ಸಿಕ್ಕ ದಿನಾಂಕ, ಹೊಲದ ಮಾಲೀಕರ ಒಪ್ಪಿಗೆಯಿಂದ ಪಡೆದದ್ದು, ಆಕಾರ, ಸೀಳು ಮತ್ತು ಸಾಂದ್ರತೆಯಿಂದ ಗುರುತಿಸಿದ್ದು, ಪ್ರಯೋಗಾಲಯದ ವಿಶ್ಲೇಷಣೆ ಆಗಿಲ್ಲ.